ಹೂಗೈಯವನು ನೀರಿಗಿಳಿದದ್ದು

ಕ್ಷೌರದಂಗಡಿಯ ಕುರ್ಚಿಯಲ್ಲಿ ಕೂತವರು ಊರು ತುಂಬ ಇರುತ್ತಾರೆ, ಅದನ್ನು ಹೊತ್ತವರು ಅಪರೂಪ. ಆ ದಿನ ಬೆಳಿಗ್ಗೆ ಪಕ್ಕದ ಬೀಗದಂಗಡಿಯವನು, ಎದುರಿನ ಸೈಕಲ್ ರಿಪೇರಿಯವನು, ಮೇಲಿನ ಮಹಡಿಯ ಮೇಷ್ಟ್ರು ಮೂವರೂ ಸೇರಿ ಆ ಎರಕದ ಕಬ್ಬಿಣದ ಕುರ್ಚಿಯನ್ನು ಎತ್ತಿ ವ್ಯಾನಿನ ಹಿಂಬದಿಗೆ ಸೇರಿಸುವಷ್ಟರಲ್ಲಿ ಏದುಸಿರು ಬಿಡುತ್ತಿದ್ದರು.

“ಇಷ್ಟು ವರ್ಷ ನಮ್ಮ ತಲೆ ಬಗ್ಗಿಸಿದ್ದು ಸಾಲದು ಅಂತ, ಹೋಗುವಾಗ ಸೊಂಟಾನೂ ಬಗ್ಗಿಸಿ ಹೋಗ್ತಿದ್ದೀಯಲ್ಲಪ್ಪ,” ಎಂದರು ಮೇಷ್ಟ್ರು.

ಕುರ್ಚಿಯ ಯಜಮಾನ ವ್ಯಾನಿನೊಳಗೆ ಮೊಣಕಾಲೂರಿ ಅದರ ಬುಡಕ್ಕೆ ಬೋಲ್ಟು ಬಿಗಿಯುತ್ತಿದ್ದ. ಕುರ್ಚಿಯ ಮುಖ ಹಿಂಬಾಗಿಲ ಕಡೆಗೆ. ಬಾಗಿಲು ತೆರೆದರೆ ಕೂತವರಿಗೆ ರಸ್ತೆ ಕಾಣಬೇಕು, ಮುಚ್ಚಿದರೆ ಬಾಗಿಲ ಒಳಮೈಗೆ ತಗುಲಿಸಿದ ಕನ್ನಡಿ ಕಾಣಬೇಕು. ನೆಂಟರ ಮನೆಗಳಿಗೆಲ್ಲ ಒಂದು ಸುತ್ತು ಹೋಗಿ, ಒಬ್ಬೊಬ್ಬರಿಗೂ ಕೊನೆಯದಾಗಿ ಕೂದಲು ಕತ್ತರಿಸಿ, ಆಮೇಲೆ ಗಂಡಹೆಂಡಿರಿಬ್ಬರೂ ನೀರಿನ ಮೇಲಿನ ಬದುಕಿಗೆ ಹೊರಡುವುದೆಂದು ತೀರ್ಮಾನವಾಗಿತ್ತು. ಬೇರೆಯವರು ಬೀಳ್ಕೊಡುವಾಗ ತಬ್ಬಿಕೊಳ್ಳುತ್ತಾರೆ, ಅಳುತ್ತಾರೆ. ಇವನಿಗೆ ಎರಡೂ ಸರಿಯಾಗಿ ಬಾರದು. ಬರುವುದು ಒಂದೇ ಕೆಲಸ.

ಅವನನ್ನು ಬೀದಿಯವರು ಕರೆಯುತ್ತಿದ್ದುದು ಹೂಗೈ ಎಂದು. ಅವನ ಕೈ ತಲೆಗೆ ತಾಗಿದ್ದೇ ಗೊತ್ತಾಗುತ್ತಿರಲಿಲ್ಲ. ಒಮ್ಮೆ ಒಂದು ಮಗು ಕ್ಷೌರವೆಲ್ಲ ಮುಗಿದು ಮೈಮೇಲಿನ ಬಟ್ಟೆ ಕೊಡವಿದ ಮೇಲೆ, “ಯಾವಾಗ ಶುರು ಮಾಡ್ತೀರಿ?” ಎಂದು ಕೇಳಿತ್ತು. ಆ ಮಾತನ್ನು ಅವನು ಚಿನ್ನದ ಪದಕದ ಹಾಗೆ ಜೋಪಾನ ಮಾಡಿಕೊಂಡಿದ್ದ. ಬಾಚಣಿಗೆ ತಾಗಬಹುದು, ಕತ್ತರಿ ತಾಗಬಹುದು, ಕ್ಷೌರಿಕನ ಕೈ ಗಿರಾಕಿಯ ಮೇಲೆ ಊರಬಾರದು. ಊರಿದರೆ ಅವನು ಕಲಿತಿಲ್ಲ ಎಂದೇ ಲೆಕ್ಕ. ಇದು ಅವನ ಧರ್ಮ, ಹಟ, ಸ್ವಲ್ಪ ಜಂಬ ಕೂಡ.

ಮತ್ತೆ ತಲೆ ಎಂದರೆ ಅವನಿಗೆ ಮುಗಿಯದ ಬೆರಗು. ಮುಖ ನೂರು ಸುಳ್ಳು ಹೇಳುತ್ತದೆ, ತಲೆಯ ಹಿಂಭಾಗಕ್ಕೆ ಆ ವಿದ್ಯೆ ಗೊತ್ತಿಲ್ಲ. ಎಂಥ ದರ್ಪದವನಿಗೂ ಕತ್ತಿನ ಹಿಂದಿನ ಗುಳಿ ಮಗುವಿನದೇ. ನಿನ್ನೆ ಮೊನ್ನೆ ಪರಿಚಯವಾದವನೊಬ್ಬ ಹರಿತವಾದ ಕತ್ತಿ ಹಿಡಿದವನ ಮುಂದೆ ಗಂಟಲು ಚಾಚಿ, ಕಣ್ಣು ಮುಚ್ಚಿ, ಗೊರಕೆ ಹೊಡೆಯುತ್ತಾನಲ್ಲ! ಇದಕ್ಕಿಂತ ದೊಡ್ಡ ಪವಾಡ ಯಾವುದು ಎಂದು ಅವನು ಹೆಂಡತಿಯನ್ನು ಆಗಾಗ ಕೇಳುವುದಿತ್ತು. “ನಿದ್ದೆ ಬಂದಿರುತ್ತೆ, ಮಲಗ್ತಾನೆ,” ಎನ್ನುತ್ತಿದ್ದಳು ಅವಳು.

ನೀರಿನ ಯೋಚನೆ ಅವಳದು. ಅವಳು ದರ್ಜಿ. ಅಂಗಡಿಯ ಹಿಂದಿನ ಕೋಣೆಯ ಕಿಟಕಿಗೆ ಮೆಷಿನ್ನು ಹಾಕಿಕೊಂಡು ಹೊಲಿಯುತ್ತಿದ್ದಳು. ಕಿಟಕಿಯ ಆಚೆ ಒಂದು ಕೈ ಅಂತರದಲ್ಲಿ ಇನ್ನೊಂದು ಕಟ್ಟಡದ ಗೋಡೆ. “ಮದುವೆಯಾದಾಗಿಂದ ಒಂದೇ ಗೋಡೆ ನೋಡಿದ್ದೀನಿ. ಅದರ ಬಿರುಕೆಲ್ಲ ನನಗೆ ಬಾಯಿಪಾಠ,” ಎನ್ನುತ್ತಿದ್ದಳು. ನದಿ ಸಮುದ್ರವನ್ನು ಸೇರುವಲ್ಲಿ ದ್ವೀಪದಿಂದ ದ್ವೀಪಕ್ಕೆ ಸುತ್ತುವ ಎರಡಂತಸ್ತಿನ ಒಂದು ಹಳೆಯ ದೋಣಿಯಿದೆ, ಅದರಲ್ಲೊಂದು ಔಷಧಿ ಅಂಗಡಿ, ಒಂದು ದಿನಸಿ ಅಂಗಡಿ, ಒಬ್ಬ ಚಮ್ಮಾರ ಇದ್ದಾರೆ, ಕ್ಷೌರಕ್ಕೂ ಹೊಲಿಗೆಗೂ ಒಂದು ಜೋಡಿ ಬೇಕಂತೆ ಎಂಬ ಸುದ್ದಿಯನ್ನು ಅವಳೇ ಎಲ್ಲಿಂದಲೋ ಹಿಡಿದು ತಂದಳು. ಹಾಗೆ ಹೇಳುವಾಗ ಅವಳ ಮುಖ ನೋಡಿದವನು ಬೇಡ ಎನ್ನಲು ಸಾಧ್ಯವೇ ಇರಲಿಲ್ಲ.

ಅವನು ಒಬ್ಬನೇ ಹೋಗಿ ದೋಣಿಯ ಯಜಮಾನಿಯನ್ನು ಕಂಡ. ಆಕೆ ಎಂಜಿನ್ನು ನೋಡಿಕೊಳ್ಳುವವನನ್ನು ಕರೆದು ಸ್ಟೂಲಿನ ಮೇಲೆ ಕೂರಿಸಿ, “ಮಾಡಿ ತೋರಿಸಿ,” ಎಂದಳು. ಹೂಗೈ ಕತ್ತರಿ ಆಡಿಸಿದ. ಎಲ್ಲ ಸಲೀಸಾಗಿ ನಡೆದಿತ್ತು. ಅಷ್ಟರಲ್ಲಿ ಆಚೆ ಒಂದು ದೊಡ್ಡ ಹಡಗು ಹಾದುಹೋಯಿತು. ಅದರ ಅಲೆ ಬಂದು ದೋಣಿಗೆ ಬಡಿಯಿತು. ನೆಲ ಎದ್ದಿತು, ತಲೆ ಒಂದು ಕಡೆ ಹೋಯಿತು, ಗಾಳಿಯಲ್ಲಿದ್ದ ಅವನ ಕೈ ಇದ್ದಲ್ಲೇ ಇತ್ತು. ಎಂಜಿನ್ನಿನವನ ಕಿವಿಯಿಂದ ರಕ್ತ ತೊಟ್ಟಿಕ್ಕಿತು. ಕಲಿಯುವ ಕಾಲ ಬಿಟ್ಟರೆ ಅವನ ಕೈಯಿಂದ ಒಬ್ಬರ ರಕ್ತ ಬಂದದ್ದು ಅದೇ ಮೊದಲು. ಎಂಜಿನ್ನಿನವನು ನಕ್ಕುಬಿಟ್ಟ. ಯಜಮಾನಿ ನಗಲಿಲ್ಲ. “ಸಾಮಾನು ತಗೊಂಡೇ ಬನ್ನಿ. ಹೊರಡೋ ದಿನ ಇನ್ನೊಂದ್ಸಲ ನೋಡ್ತೀನಿ. ಆಗ್ಲಿಲ್ಲ ಅಂದ್ರೆ ಬೇರೆಯವರನ್ನ ಹತ್ತಿಸಿಕೊಳ್ಳೋದು. ಜೋಡಿಗೆ ಒಂದೇ ಕೋಣೆ ಇರೋದು,” ಎಂದಳು.

ಮನೆಗೆ ಬಂದು ಅವನು ಹೆಂಡತಿಗೆ, “ಎಲ್ಲ ಆಯ್ತು,” ಎಂದ. ಅವಳು ಆ ಗೋಡೆಗೆ ಬೆನ್ನು ಹಾಕಿ ಕೂತು ಜೋರಾಗಿ ನಕ್ಕಳು. ಆಮೇಲೆ ಅಂಗಡಿ ಬಿಟ್ಟುಕೊಟ್ಟದ್ದಾಯಿತು, ಮನೆಯ ಸಾಮಾನು ಹಂಚಿದ್ದಾಯಿತು. ಅಡ್ಡಗೋಡೆಯ ಮೇಲೆ ದೀಪ ಇಡುವುದು ಅವನ ಸ್ವಭಾವವಲ್ಲ. ಆದರೂ ಇಟ್ಟಿದ್ದ.

ವ್ಯಾನು ನಡೆಸುತ್ತಿದ್ದವಳು ಅವಳೇ. ಅವನಿಗೆ ಗಾಡಿ ಬಾರದು. ಊರು ದಾಟಿದ ಕೂಡಲೇ ಅವನು, “ನಾನು ಹಿಂದೆ ಹೋಗಿ ಸ್ವಲ್ಪ ಅಡ್ಡಾಗ್ತೀನಿ,” ಎಂದು ಹೇಳಿ ನಡುವಿನ ಪರದೆ ಎಳೆದುಕೊಂಡ. ಅಡ್ಡಾಗಲಿಲ್ಲ. ಚೀಲದಿಂದ ಬಲೂನು ತೆಗೆದ. ಹೊಸದಾಗಿ ಕಲಿಯುವವರಿಗೆ ಮೊದಲ ಪಾಠ ಅದು: ಬಲೂನು ಊದಿ, ಅದಕ್ಕೆ ಸಾಬೂನಿನ ನೊರೆ ಹಚ್ಚಿ, ಕತ್ತಿಯಿಂದ ನೊರೆಯನ್ನಷ್ಟೇ ತೆಗೆಯಬೇಕು. ಅವನು ಚಿಕ್ಕಂದಿನಲ್ಲಿ ಅಣ್ಣನ ಎದುರು ನಿಂತು ಕಲಿತದ್ದು. ಈಗ ತಲೆ ನರೆತ ಮೇಲೆ, ಓಡುವ ವ್ಯಾನಿನಲ್ಲಿ, ಕುರ್ಚಿಯ ಬೆನ್ನಿಗೆ ಬಲೂನು ಕಟ್ಟಿ, ಮತ್ತೆ ಅದೇ ಪಾಠಕ್ಕೆ ನಿಂತ. ಉಸಿರು ಬಿಗಿಹಿಡಿದ. ಕೈಯನ್ನು ಹೂವಿನಷ್ಟು ಹಗುರ ಮಾಡಿಕೊಂಡ. ವ್ಯಾನು ಒಂದು ಗುಂಡಿಗೆ ಇಳಿಯಿತು. ಠಪ್.

“ಏನದು ಸದ್ದು?” ಎಂದು ಹೆಂಡತಿಯ ದನಿ ಕೇಳಿತು ಮುಂದಿನಿಂದ.

“ಚಕ್ರಕ್ಕೆ ಕಲ್ಲು ಸಿಡೀತು.”

ಆ ಹಾಳು ರಸ್ತೆಯಲ್ಲಿ ಕಲ್ಲು ಬಹಳ ಸಿಡಿದವು. ಒಳ್ಳೆಯ ರಸ್ತೆ ಪಕ್ಕದಲ್ಲೇ ಇರುವಾಗ ಇವಳು ಹುಡುಕಿ ಹುಡುಕಿ ಗುಂಡಿಯ ರಸ್ತೆಗೇ ಇಳಿಸುತ್ತಾಳಲ್ಲ ಎಂದು ಅವನು ಹಲ್ಲು ಕಡಿದ.

ಮೊದಲ ಮನೆ ಅಕ್ಕನದು. ಒಂದು ಶಾಲೆಯ ಹಾಸ್ಟೆಲಿನಲ್ಲಿ ಅಡುಗೆಯ ಉಸ್ತುವಾರಿ ನೋಡಿ ನಿವೃತ್ತಳಾದವಳು. ಮೂರನೇ ಮಹಡಿಯ ಎರಡು ಕೋಣೆಯ ಮನೆಯಿಂದ ಅವಳು ಮಾತಾಡುತ್ತಲೇ ಮೆಟ್ಟಿಲಿಳಿದು, ಮಾತಾಡುತ್ತಲೇ ವ್ಯಾನು ಹತ್ತಿ, ಮಾತಾಡುತ್ತಲೇ ಕುರ್ಚಿಯಲ್ಲಿ ಕೂತಳು. ಅವಳು ಬಾಯಿ ಮುಚ್ಚಿದ್ದನ್ನು ಕಂಡವರಿಲ್ಲ.

“ಊರಿಗೆಲ್ಲ ಕ್ಷೌರ ಮಾಡೋನ ತಲೆ ನೋಡು, ಕಾಗೆ ಗೂಡು ಕಟ್ಟೋ ಹಾಗಿದೆ. ನಿನಗೆ ಯಾರೂ ಸಿಗಲಿಲ್ವಾ?”

“ಅಣ್ಣನ ಹತ್ರ ಮಾಡಿಸ್ಕೋತೀನಿ.”

ಅಣ್ಣತಮ್ಮಂದಿರದು ಹಳೆಯ ರೂಢಿ. ತನ್ನ ತಲೆ ತನಗೆ ಎಟುಕದು. ಅದಕ್ಕೇ ಇಬ್ಬರೂ ಕ್ಷೌರಿಕರು ಒಬ್ಬರಿಗೊಬ್ಬರು ಮಾಡಿಕೊಳ್ಳುತ್ತಿದ್ದರು, ಬೇರೆ ಯಾರ ಕೈಗೂ ತಲೆ ಕೊಡುತ್ತಿರಲಿಲ್ಲ. ಆದರೆ ಎರಡು ವರ್ಷದಿಂದ ಅಣ್ಣ ಏನಾದರೊಂದು ನೆವ ಹೇಳಿ ಬರಬೇಡ ಎನ್ನುತ್ತಿದ್ದ. ಇವನ ಹೆಂಡತಿಯೇ ಬಟ್ಟೆ ಕತ್ತರಿಸುವ ಕತ್ತರಿಯಿಂದ ಹಿಂದುಗಡೆ ಅಷ್ಟಿಷ್ಟು ಸವರುತ್ತಿದ್ದಳು.

“ಅವನು ಅಂಗಡೀನೇ ಮುಚ್ಚಿದ್ದಾನಲ್ಲೋ,” ಎಂದಳು ಅಕ್ಕ. “ಕೇಳಿದ್ರೆ ಮೊಣಕಾಲು ನೋವಂತೆ. ಕತ್ತರಿ ಹಿಡಿಯೋದು ಮೊಣಕಾಲಲ್ಲಾ?”

ಅವನಿಗೂ ಅದೇ ಅನುಮಾನ ಕೊರೆಯುತ್ತಿತ್ತು. ಅಕ್ಕನ ಬಿಳಿ ಕೂದಲನ್ನು ಬಿಚ್ಚಿ ಬಾಚಿದ. ನೆತ್ತಿಯ ಹಿಂದೆ ಆ ಗಾಯದ ಗುರುತು ಕಂಡಿತು. ಚಿಕ್ಕವಳಿದ್ದಾಗ ಅವಳು ಕೂಸಾಗಿದ್ದ ಇವನನ್ನು ಎತ್ತಿಕೊಂಡು ಮೆಟ್ಟಿಲಿನಲ್ಲಿ ಜಾರಿದ್ದಳು. ಮುಂದಕ್ಕೆ ಬಿದ್ದಿದ್ದರೆ ಇವನು ಅಡಿಗಾಗುತ್ತಿದ್ದ. ಬೀಳುತ್ತಿರುವಾಗಲೇ ಅವಳು ತಿರುಗಿ ಹಿಂದಕ್ಕೆ ಬಿದ್ದಳು. ಅಷ್ಟು ಪುಟ್ಟ ಹುಡುಗಿಗೆ, ಕಣ್ಣು ಮಿಟುಕಿಸುವಷ್ಟು ಹೊತ್ತಿನಲ್ಲಿ, ಹಾಗೆ ತಿರುಗಬೇಕೆಂದು ಹೇಳಿಕೊಟ್ಟವರು ಯಾರು? ಪ್ರತಿ ಸಲ ಆ ಗುರುತು ಕಂಡಾಗಲೂ ಅವನ ಕತ್ತರಿ ಒಂದು ಗಳಿಗೆ ನಿಲ್ಲುತ್ತಿತ್ತು. ಈಗಲೂ ನಿಂತಿತು. ಕತ್ತರಿಯ ಸದ್ದು ನಿಂತದ್ದು ಗೊತ್ತಾಗಿ ಅಕ್ಕನೂ ಮಾತು ನಿಲ್ಲಿಸಿದಳು. ಆ ಬೀದಿಯ ಮಟ್ಟಿಗೆ ಅದು ದೊಡ್ಡ ಸುದ್ದಿ.

ಎರಡನೇ ಮನೆ ಅಕ್ಕನ ಮಗಳದು. ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಬೇರೆಯವರ ರಕ್ತ ಪರೀಕ್ಷೆ ಮಾಡುವ ಹುಡುಗಿ, ಕಳೆದ ವರ್ಷ ತನ್ನದೇ ರಕ್ತದಲ್ಲಿ ಕಾಯಿಲೆ ಕಂಡಿದ್ದಳು. ಔಷಧಿ ಅವಳನ್ನು ಉಳಿಸಿತು, ಕೂದಲನ್ನು ಉಳಿಸಲಿಲ್ಲ. ಬಾಲ್ಯದಿಂದಲೂ ಅವಳ ಕೂದಲಿಗೆ ಕತ್ತರಿ ಇಟ್ಟವನು ಮಾವನೇ. ದಬ್ಬಣದ ಹಾಗೆ ನೆಟ್ಟಗಿನ ಕೂದಲು, ಎಷ್ಟು ಬಾಚಿದರೂ ಬಗ್ಗದು, ಅವಳ ಹಟದ ಹಾಗೆ.

ಅವಳು ಕುರ್ಚಿಯಲ್ಲಿ ಕೂತು ತಲೆಗೆ ಕಟ್ಟಿದ್ದ ಬಟ್ಟೆ ಬಿಚ್ಚಿದಳು. “ಕತ್ತರಿಸೋಕೆ ಏನೂ ಇಲ್ಲ ಮಾವ. ಸುಮ್ನೆ ಕೂತಿದ್ದೀನಿ. ನೀವು ಹೋಗೋ ಮುಂಚೆ ಕೂತ್ಕೋಬೇಕು ಅನ್ನಿಸ್ತು.”

ಅವನು ಬಗ್ಗಿ ನೋಡಿದ. ಹೊಸ ಕೂದಲು ಬೆರಳಿನ ದಪ್ಪದಷ್ಟು ಉದ್ದಕ್ಕೆ ಬಂದಿತ್ತು. ಬಂದದ್ದೆಲ್ಲ ಗುಂಗುರು. ಅವಳ ವಂಶದಲ್ಲಿ ಯಾರಿಗೂ ಇಲ್ಲದ ಗುಂಗುರು, ಒಂದೊಂದು ಎಳೆಯೂ ತನ್ನಷ್ಟಕ್ಕೆ ಸುರುಳಿಯಾಗಿ, ಬಾಗಿಲಿಂದ ಬಂದ ಬಿಸಿಲಿಗೆ ಮಿನುಗುತ್ತಿತ್ತು. ಇಷ್ಟು ವರ್ಷ ಸಾವಿರಾರು ತಲೆ ಕಂಡವನು ಹೊಸದಾಗಿ ಹುಟ್ಟಿದ ಕೂದಲನ್ನು ದೊಡ್ಡವರ ತಲೆಯ ಮೇಲೆ ಕಂಡಿರಲಿಲ್ಲ. ಕಿವಿಯ ಹಿಂದೆ ಎರಡೇ ಎರಡು ಎಳೆ ಕತ್ತರಿಸಿದ, ಕೆಲಸ ಮಾಡಿದ ಹಾಗಾಗಲಿ ಎಂದು.

“ಹೇಗಿದೆ ಮಾವ?”

“ಚೆನ್ನಾಗಿ ಬಂದಿದೆ ಮಗಳೇ,” ಎಂದ. ಇನ್ನೂ ಏನೋ ಹೇಳಬೇಕಿತ್ತು. ಬದಲಿಗೆ ಬ್ರಷ್ ತೆಗೆದು ಅವಳ ಕತ್ತನ್ನು ಬಹಳ ಹೊತ್ತು ಕೊಡವಿದ, ಕತ್ತಿನ ಮೇಲೆ ಏನೂ ಬಿದ್ದಿರದಿದ್ದರೂ.

ಅಲ್ಲಿಂದ ಹೊರಟ ಮೇಲೆ ಪರದೆಯ ಹಿಂದೆ ಮತ್ತೆ ಬಲೂನು ಒಡೆದವು. ಕೊನೆಯದೂ ಒಡೆಯಿತು. ಅವನು ಖಾಲಿ ಚೀಲ ಮಡಿಚಿಟ್ಟು ಕುರ್ಚಿಯ ಪಾದದ ಮೇಲೆ ಕುಳಿತ. ಮುಂದಿನ ಸೀಟಿನಲ್ಲಿ ಹೆಂಡತಿ ಏನೋ ಗುನುಗುತ್ತಿದ್ದಳು. ನಾಳೆ ದೋಣಿಯ ಯಜಮಾನಿ ಬೇಡ ಎಂದರೆ ಇವಳನ್ನು ಯಾವ ಗೋಡೆಯೆದುರು ಕೂರಿಸುವುದು? ಆ ಗೋಡೆಯೂ ಈಗ ಅವರದಲ್ಲ.

ಅಣ್ಣನ ಮನೆ ಬಂದರಿನ ಊರಿನಲ್ಲಿ, ದೋಣಿ ಹೊರಡುವ ಕಟ್ಟೆಗೆ ಹತ್ತಿರ. ಮುಂದೆ ಅಂಗಡಿ, ಹಿಂದೆ ಮನೆ. ಅಂಗಡಿಯ ಷಟರಿನ ಮೇಲೆ ತುಕ್ಕು ಹತ್ತಿತ್ತು. ಅತ್ತಿಗೆ ಬಾಗಿಲು ತೆರೆದಳು. ಅಣ್ಣ ಎದ್ದು ಬಂದ. ಕುಂಟಲಿಲ್ಲ, ಮೊಣಕಾಲು ಸುಸೂತ್ರವಾಗಿಯೇ ಇತ್ತು. ಬಲಗೈ ಮಾತ್ರ ಅಂಗಿಯ ಜೇಬಿನಲ್ಲಿತ್ತು. ಚಹಾ ಬಂದಾಗ ಎಡಗೈಯಲ್ಲಿ ತೆಗೆದುಕೊಂಡ.

ತಮ್ಮ ಕಿಟಕಿಯ ಹತ್ತಿರ ಕೂತಿದ್ದ. ಎದುರುಮನೆಯ ಮಹಡಿಯ ಕಿಟಕಿಯಲ್ಲಿ ಒಬ್ಬ ಮುದುಕ ಬಿಸಿಲಿಗೆ ಮುಖವೊಡ್ಡಿ ಕೂತಿದ್ದ. ನುಣ್ಣಗೆ ಮಾಡಿದ ಗಡ್ಡ. ಕೆನ್ನೆಗೂದಲಿನ ತುದಿ ಕಿವಿಯ ಕಡೆಗೆ ಒಂದಿಷ್ಟು ಓರೆಯಾಗಿ ಇಳಿದಿತ್ತು. ತಮ್ಮನ ಚಹಾ ಬಾಯಿಗೆ ಹೋಗುವ ದಾರಿಯಲ್ಲೇ ನಿಂತಿತು. ಆ ಓರೆ ಅಣ್ಣನದು. ಎಲ್ಲ ಕ್ಷೌರಿಕರೂ ಅದನ್ನು ಅಡ್ಡಕ್ಕೆ ನೇರವಾಗಿ ಕತ್ತರಿಸುತ್ತಾರೆ, ಅಣ್ಣನೊಬ್ಬನೇ ಹಾಗೆ ಓರೆ ಮಾಡುವುದು. ಅಕ್ಷರ ನೋಡಿ ಬರೆದವರನ್ನು ಗುರುತಿಸುವ ಹಾಗೆ ಅವನು ಇದನ್ನು ಎಲ್ಲಿದ್ದರೂ ಗುರುತಿಸಬಲ್ಲ.

“ನೀನು ಕೆಲಸ ಬಿಟ್ಟಿಲ್ಲ,” ಎಂದ.

ಅಣ್ಣ ಎದುರಿನ ಕಿಟಕಿ ನೋಡಿದ, ತಮ್ಮನನ್ನು ನೋಡಿದ. ಆಮೇಲೆ ಜೇಬಿನಿಂದ ಕೈ ಹೊರಗೆ ತೆಗೆದು ಮೇಜಿನ ಮೇಲಿಟ್ಟ. ಮೇಜಿನ ಮೇಲಿನ ಚಮಚ ಗಲಗಲ ಎಂದಿತು. ಕೈ ಒಂದೇ ಸಮ ನಡುಗುತ್ತಿತ್ತು. ಅತ್ತಿಗೆ ಚಮಚವನ್ನು ಮೆಲ್ಲಗೆ ಎತ್ತಿಟ್ಟಳು.

“ಎರಡು ವರ್ಷ ಆಯ್ತು,” ಎಂದ ಅಣ್ಣ. “ಡಾಕ್ಟ್ರು ಇದು ನಿಲ್ಲಲ್ಲ ಅಂದ್ರು. ಕತ್ತಿ ನಡುಗೋದು ಕಂಡ್ರೆ ಯಾರು ಕತ್ತು ಕೊಡ್ತಾರೆ? ಅದಕ್ಕೇ ಷಟರ್ ಎಳೆದೆ. ಅವರಿಗೊಬ್ಬರಿಗೆ ಮಾಡ್ತೀನಿ. ಅವರಿಗೆ ಕಣ್ಣು ಕಾಣಲ್ಲ.”

“ಒಂದು ಗೀರೂ ಇಲ್ವಲ್ಲ ಅವರ ಮುಖದಲ್ಲಿ.”

“ಇಲ್ಲ.”

“ಹೇಗೆ?”

ಅವನು ‘ಹೇಗೆ’ ಎಂದ ದನಿಗೆ ಅಣ್ಣ ತಲೆಯೆತ್ತಿದ. ಅದು ಕುತೂಹಲದ ದನಿಯಾಗಿರಲಿಲ್ಲ, ಮುಳುಗುವವನ ದನಿ. ಹೂಗೈ ಹೆಂಡತಿಯ ಕಡೆ ನೋಡದೆ ಎಲ್ಲವನ್ನೂ ಹೇಳಿಬಿಟ್ಟ: ಅಲೆ, ಕಿವಿ, ರಕ್ತ, ನಾಳೆಯ ಪರೀಕ್ಷೆ, ಬಲೂನು. ಹೇಳಿ ಮುಗಿಸಿ ಹೆಂಡತಿಯ ಬೈಗುಳಕ್ಕೆ ಕಾದ.

“ಗೊತ್ತು,” ಎಂದಳು ಅವಳು. “ಕಲ್ಲು ಸಿಡಿದ್ರೆ ಸಾಬೂನಿನ ವಾಸನೆ ಬರುತ್ತಾ? ಮೊದಲನೇ ದಿನವೇ ಗೊತ್ತಾಯ್ತು. ಅದಕ್ಕೇ ಗುಂಡಿ ಇರೋ ರಸ್ತೆ ಹುಡುಕಿ ಹುಡುಕಿ ಹೋಗಿದ್ದು. ಅಭ್ಯಾಸ ಆಗ್ಲಿ ಅಂತ.”

ಅವನು ಅವಳನ್ನು ನೋಡಿದ. ಇಷ್ಟು ವರ್ಷ ಜೊತೆಗಿದ್ದವಳನ್ನು ಹೊಸದಾಗಿ ನೋಡಿದ ಹಾಗೆ ನೋಡಿದ.

ಅಣ್ಣ ಎದ್ದು ನಿಂತ. “ಕತ್ತಿ ಎಲ್ಲಿದೆ? ನಡಿ ವ್ಯಾನಿಗೆ. ನೀನು ಗಾಡಿ ಓಡಿಸಮ್ಮ. ಕಟ್ಟೆ ಪಕ್ಕದ ಕಲ್ಲುಹಾಸಿನ ರಸ್ತೆ ಇದೆಯಲ್ಲ, ಅದರಲ್ಲಿ ನಿಧಾನಕ್ಕೆ ಹೋಗು.”

“ಓಡೋ ಗಾಡೀಲಾ?” ಎಂದಳು ಅತ್ತಿಗೆ. ಅವಳೂ ಸೆರಗು ಸಿಕ್ಕಿಸಿಕೊಂಡು ಮುಂದಿನ ಸೀಟು ಹತ್ತಿದಳು.

ತಮ್ಮ ಕುರ್ಚಿಯಲ್ಲಿ ಕೂತ. ಎಷ್ಟೋ ಜನ ಕೂತೆದ್ದ ಆ ಕುರ್ಚಿಯಲ್ಲಿ ಅವನು ಕೂತದ್ದು ಕಡಿಮೆ. ವ್ಯಾನು ಹೊರಟಿತು. ಕಲ್ಲುಹಾಸಿನ ಮೇಲೆ ಇಡೀ ಗಾಡಿ ಗಡಗಡ ಅಲುಗಿತು. ಕನ್ನಡಿಯಲ್ಲಿ ಅಣ್ಣ ಕಂಡ. ಅಣ್ಣನ ಕೈ ಕಂಡಿತು. ಅದರಲ್ಲಿ ಹರಿತವಾದ ಕತ್ತಿ, ಗಾಳಿಗೆ ಸಿಕ್ಕ ಎಲೆಯ ಹಾಗೆ ಅದುರುತ್ತಿತ್ತು.

“ಕಣ್ಣು ಮುಚ್ಚಿಕೋ,” ಎಂದ ಅಣ್ಣ.

“ಇಲ್ಲ. ನೋಡ್ತೀನಿ.”

ಎರಡು ವರ್ಷದಲ್ಲಿ ಕಣ್ಣಿರುವವರೊಬ್ಬರು ಆ ಕೈಗೆ ಕತ್ತು ಕೊಟ್ಟದ್ದು ಅದೇ ಮೊದಲು.

ಆಮೇಲೆ ಆ ಕೈ ಇಳಿಯಿತು. ಮೊದಲು ತಾಗಿದ್ದು ಕತ್ತಿಯಲ್ಲ, ಅಂಗೈಯ ಬುಡ ಮತ್ತು ಕಿರುಬೆರಳು. ಅವು ತಮ್ಮನ ತಲೆಯ ಹಿಂಭಾಗಕ್ಕೆ ಗಟ್ಟಿಯಾಗಿ, ಪೂರಾ ಭಾರ ಬಿಟ್ಟು ಕೂತವು. ಕೈ ನಡುಗುತ್ತಲೇ ಇತ್ತು, ತಮ್ಮನ ತಲೆಬುರುಡೆಯೊಳಗೆ ಆ ನಡುಕ ಕೇಳಿಸುತ್ತಿತ್ತು. ವ್ಯಾನು ಎಡಕ್ಕೆ ವಾಲಿತು, ತಲೆ ವಾಲಿತು, ತಲೆಯ ಜೊತೆ ಕೈಯೂ ವಾಲಿತು. ಆ ಭಾರವಾದ ಕೈಯ ಆಸರೆಯಲ್ಲಿ ಕತ್ತಿ ಕತ್ತಿನ ಮೇಲೆ ಜಾರಿತು. ಸರ್ರನೆ, ತಣ್ಣಗೆ, ನೇರವಾಗಿ.

“ಗಾಳೀಲಿ ಕೈ ನಿಲ್ಲಿಸ್ಕೊಂಡು ಅದು ಸ್ಥಿರ ಆಗ್ಲಿ ಅಂತ ಕಾದೆ,” ಎಂದ ಅಣ್ಣ, ಕೆಲಸ ಮಾಡುತ್ತಲೇ. “ಆಗ್ಲಿಲ್ಲ. ಒಂದಿನ ಸುಸ್ತಾಗಿ ಆ ಮುದುಕರ ತಲೆ ಮೇಲೇ ಕೈ ಊರಿಬಿಟ್ಟೆ. ಆಗ ಗೊತ್ತಾಯ್ತು. ಕೈಗೆ ನೆಲ ಬೇಕು. ಆ ನೆಲ ನಿನ್ನ ಕಾಲ ಕೆಳಗಿಲ್ಲ, ಕೂತವನ ತಲೆ ಮೇಲಿದೆ. ನಿನ್ನ ಕೈಯನ್ನ ನಿನ್ನ ಭುಜಕ್ಕೆ ಕಟ್ಕೋಬೇಡ, ಅವನ ತಲೆಗೆ ಕಟ್ಟು. ಅವನು ಹೋದ ಕಡೆ ಅದೂ ಹೋಗುತ್ತೆ.”

“ನಾನು ಯಾರ ಮೇಲೂ ಕೈ ಊರಿದವನಲ್ಲ.”

“ಅದೇ ನಿನ್ನ ತೊಂದ್ರೆ. ಹೂಗೈ ಹೂಗೈ ಅಂತ ಊರೆಲ್ಲ ಹೊಗಳಿ ಹೊಗಳಿ ನಿನ್ನನ್ನ ಅಟ್ಟಕ್ಕೇರಿಸಿದ್ರು. ಹೂವು ನೀರಿಗೆ ಬಿದ್ರೆ ತೇಲ್ಕೊಂಡು ಹೋಗುತ್ತೆ, ಅಷ್ಟೇ.”

ಕತ್ತಿನ ಕೆಲಸ ಮುಗಿಯಿತು. ಕತ್ತರಿ ಬಂತು. ಕನ್ನಡಿಯಲ್ಲಿ ಹೂಗೈ ಕಣ್ಣು ಮಿಟುಕಿಸದೆ ನೋಡುತ್ತಿದ್ದ. ನಡುಗುವ ಕೈ, ಅಲುಗುವ ಗಾಡಿ, ಅದುರುವ ಕನ್ನಡಿ. ಇಷ್ಟೆಲ್ಲದರ ನಡುವೆ ಕೂದಲೂ ಕೊಂಕದ ಹಾಗೆ ನಡೆಯುತ್ತಿರುವ ಒಂದು ಅಲಗು. ಬಾಲ್ಯದಲ್ಲಿ ಅಣ್ಣನ ಕೆಲಸವನ್ನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದವನು, ಎಷ್ಟೋ ವರ್ಷದ ಮೇಲೆ ಮತ್ತೆ ಹಾಗೇ ನೋಡಿದ. ಅಣ್ಣ ಕೆನ್ನೆಗೂದಲನ್ನು ಓರೆ ಮಾಡಿ ಮುಗಿಸಿದ. ಎಡಗಡೆಯ ಓರೆ ಬಲಗಡೆಗಿಂತ ಒಂದು ಎಳೆ ಹೆಚ್ಚಾಗಿತ್ತು.

“ತಪ್ಪಿತು,” ಎಂದ ಅಣ್ಣ.

“ಇರಲಿ ಬಿಡು, ಮುಟ್ಟಬೇಡ,” ಎಂದ ತಮ್ಮ. ಕೂದಲೆಳೆಯ ವ್ಯತ್ಯಾಸಕ್ಕೆ ಗಿರಾಕಿಯನ್ನು ಮತ್ತೆ ಕೂರಿಸಿಕೊಳ್ಳುತ್ತಿದ್ದ ಮನುಷ್ಯ ಅವನು.

ಆಮೇಲೆ ಜಾಗ ಅದಲುಬದಲಾಯಿತು. ಅಣ್ಣ ಕೂತ, ತಮ್ಮ ಕತ್ತಿ ಹಿಡಿದ. ವ್ಯಾನು ಮತ್ತೆ ಅದೇ ರಸ್ತೆಯಲ್ಲಿ ತಿರುಗಿತು. ಕೈ ಅಭ್ಯಾಸಬಲದಿಂದ ಗಾಳಿಯಲ್ಲೇ ತೇಲುತ್ತಿತ್ತು. ಎದುರಿಗಿರುವುದು ಅಣ್ಣನ ತಲೆ. ಅದರ ಮೇಲೆ ಕೈ ಇಡುವುದೆಂದರೆ ಏನು! ಈ ತಲೆಯ ನೆರಳಿನಲ್ಲಿ ಬೆಳೆದವನು ಅವನು. ನಡುನೆತ್ತಿ ಬೋಳಾಗಿತ್ತು, ಸುತ್ತ ಬಿಳಿ ಕೂದಲು ಮೃದುವಾಗಿತ್ತು. ಕತ್ತಿನ ಹಿಂದಿನ ಗುಳಿ ಅಣ್ಣನಿಗೂ ಮಗುವಿನದೇ.

“ಇಡೋ,” ಎಂದ ಅಣ್ಣ. “ತೂಕ ಬಿಟ್ಟು ಇಡು.”

ಇಟ್ಟ. ಅಂಗೈ ತುಂಬ ಅಣ್ಣನ ತಲೆಯ ಬೆಚ್ಚಗಿನ ಗುಂಡು ಬಂದು ಕೂತಿತು. ವ್ಯಾನು ಒಂದು ದೊಡ್ಡ ಗುಂಡಿಗಿಳಿಯಿತು. ಹೆಂಡತಿ ಅದನ್ನೂ ಹುಡುಕಿಯೇ ಇಳಿಸಿದ್ದಿರಬೇಕು. ತಲೆ ಹಾರಿತು, ಕೈ ಅದರೊಡನೆ ಹಾರಿತು, ಅದರೊಡನೆ ಇಳಿಯಿತು. ಅಣ್ಣನ ಕತ್ತಿನ ಮೇಲೆ ಒಂದು ಗೀರು ಬೀಳಲಿಲ್ಲ. ತಮ್ಮನ ಕಣ್ಣಲ್ಲಿ ಮಾತ್ರ ನೀರು ಬಂದು, ಅವನು ತೋಳಿನಿಂದ ಒರೆಸಿಕೊಂಡ. ಎರಡು ಕೈಗೂ ಕೆಲಸವಿತ್ತು.

ಮರುದಿನ ಬೆಳಿಗ್ಗೆ ಕಟ್ಟೆಯಲ್ಲಿ ದೋಣಿ ನಿಂತಿತ್ತು. ಕುರ್ಚಿ ಹತ್ತಿಸಲು ನಾಲ್ವರು ಬೇಕಾಯಿತು. ಆಚೆ ನೀರು ಎಲ್ಲಿ ಮುಗಿಯುತ್ತದೆ, ಆಕಾಶ ಎಲ್ಲಿ ಶುರುವಾಗುತ್ತದೆ ಎಂದು ಹೇಳುವ ಹಾಗಿರಲಿಲ್ಲ. ಹೂಗೈಯ ಹೆಂಡತಿ ತನ್ನ ಮೆಷಿನ್ನನ್ನು ಕಿಟಕಿಯ ಮುಂದೆ ಇಟ್ಟು, ಹೊಲಿಯಲು ಏನೂ ಇಲ್ಲದಿದ್ದರೂ ಅದರ ಮುಂದೆ ಕೂತಳು. ಕೂತವಳು ಆ ಕಡೆಯೇ ನೋಡುತ್ತಿದ್ದಳು, ಉಸಿರಾಡುತ್ತಿದ್ದಾಳೋ ಇಲ್ಲವೋ ಎನ್ನುವ ಹಾಗೆ. ಇದನ್ನು ಅವಳಿಂದ ಕಿತ್ತುಕೊಳ್ಳುವ ಹಾಗಾಗದಿರಲಿ ಎಂದು ಅವನು ಮನಸ್ಸಿನಲ್ಲೇ ಬೇಡಿಕೊಂಡ.

ಎಂಜಿನ್ನಿನವನು ಕಿವಿ ಮುಟ್ಟಿಕೊಳ್ಳುತ್ತ ಬಂದು ಕೂತ. ಯಜಮಾನಿ ಬಾಗಿಲಲ್ಲಿ ಕೈಕಟ್ಟಿ ನಿಂತಳು. ಆಕೆ ಗಡಿಯಾರ ನೋಡಿ ಗಿರಾಕಿಯನ್ನು ಕೂರಿಸಿದ್ದಳು. ಆ ದೊಡ್ಡ ಹಡಗು ಹಾದುಹೋಗುವ ಹೊತ್ತೇ ಅದು. ಹಡಗು ಬಂತು, ಹೋಯಿತು. ಅಲೆ ಬರುತ್ತಿರುವುದು ಕಿಟಕಿಯಲ್ಲಿ ಕಾಣುತ್ತಿತ್ತು. ಹೂಗೈ ಕೈ ಎತ್ತಲಿಲ್ಲ. ಅಂಗೈಯನ್ನು ಎಂಜಿನ್ನಿನವನ ತಲೆಗೆ ಇನ್ನಷ್ಟು ಒತ್ತಿದ, ಮೊಣಕಾಲು ಸಡಿಲ ಬಿಟ್ಟ. ನೆಲ ಎದ್ದಿತು, ಇಳಿಯಿತು, ಮತ್ತೆ ಎದ್ದಿತು. ಕತ್ತಿ ತನ್ನ ದಾರಿ ಬಿಡಲಿಲ್ಲ.

ಯಜಮಾನಿ ಒಳಗೆ ಬಂದು ಕಿವಿ ನೋಡಿದಳು, ಕತ್ತು ನೋಡಿದಳು. “ಕೋಣೆಯ ಬೀಗದ ಕೈ ತಗೊಳ್ಳಿ,” ಎಂದಳು.

“ಹೋದ ಸಲ ನೀವು ಕೈ ಇಟ್ಟಿದ್ದೇ ಗೊತ್ತಾಗಿರಲಿಲ್ಲ,” ಎಂದ ಎಂಜಿನ್ನಿನವನು, ಕನ್ನಡಿಯಲ್ಲಿ ಮುಖ ತಿರುಗಿಸಿ ನೋಡಿಕೊಳ್ಳುತ್ತ. “ಈಗ ಒಳ್ಳೇ ಭಾರ ಇದೆ.”

“ಅದು ನಮ್ಮಣ್ಣನ ಕೈ,” ಎಂದ ಹೂಗೈ. “ಅಲ್ಲಿ ಕಟ್ಟೆ ಮೇಲೆ ನಿಂತಿದ್ದಾನಲ್ಲ, ಅವನದು.”

“ನಿಮಗೆ ಮಾಡಿದ್ದೂ ಅವರೇನಾ? ಆ ಓರೆ ಚೆನ್ನಾಗಿದೆ. ಅಂಗಡಿ ಇದೆಯಾ? ದೋಣಿ ತಿರುಗಿ ಬಂದಾಗ ನಾನೂ ಹೋಗ್ತೀನಿ.”

“ಅವನ ಕೈ ನಡುಗುತ್ತೆ.”

ಎಂಜಿನ್ನಿನವನು ಕಿವಿಯ ಗಾಯದ ಕಲೆ ಸವರಿಕೊಂಡ. “ನೀವು ನಡುಗದ ಕೈಯಲ್ಲೇ ಅಲ್ವಾ ಇದನ್ನ ಕುಯ್ದಿದ್ದು?”

ಹೂಗೈ ಮನಸ್ಸು ಬಿಚ್ಚಿ ನಕ್ಕ, ಎಷ್ಟೋ ದಿನದ ಮೇಲೆ. ದೋಣಿಯ ಅಂಚಿಗೆ ಹೋಗಿ ಆ ಮಾತನ್ನು ಇದ್ದ ಹಾಗೇ ಕಟ್ಟೆಗೆ ಕೂಗಿ ಹೇಳಿದ. ಕಟ್ಟೆಯ ಮೇಲಿದ್ದವರೆಲ್ಲ ತಿರುಗಿ ಅಣ್ಣನನ್ನು ನೋಡಿದರು. ಅತ್ತಿಗೆ ಬಾಯಿಗೆ ಸೆರಗು ಅಡ್ಡ ಹಿಡಿದಳು. ಅಣ್ಣ ತಲೆ ತಗ್ಗಿಸಿದ. ಹೊಸದಾಗಿ ಕತ್ತರಿಸಿದ ಬಿಳಿ ಕೂದಲು ಬಿಸಿಲಿಗೆ ಹೊಳೆಯಿತು.

ಎಂಜಿನ್ನು ಸದ್ದು ಮಾಡಿತು. ಹಗ್ಗ ಬಿಚ್ಚಿದರು. ಹೆಂಡತಿ ಮೆಷಿನ್ನು ಬಿಟ್ಟು ಎದ್ದು ಬಂದು ಗಂಡನ ಪಕ್ಕದಲ್ಲಿ ನಿಂತಳು. ದೋಣಿಗೂ ಕಟ್ಟೆಗೂ ನಡುವೆ ನೀರು ಅಗಲವಾಗತೊಡಗಿತು. ಆಗ ಅಣ್ಣ ಜೇಬಿನಿಂದ ಬಲಗೈ ತೆಗೆದ. ಎಲ್ಲರೆದುರು, ಪೂರ್ತಿ ಮೇಲಕ್ಕೆ ಎತ್ತಿದ.

“ನಿಮ್ಮಣ್ಣ ಎಷ್ಟು ಚೆನ್ನಾಗಿ ಕೈ ಬೀಸ್ತಾರೆ,” ಎಂದ ಎಂಜಿನ್ನಿನವನು ಹಿಂದಿನಿಂದ.

ಕೈ ಕಾಣುವಷ್ಟು ಹೊತ್ತೂ ಗಂಡಹೆಂಡಿರಿಬ್ಬರೂ ಅಂಚಿನಲ್ಲೇ ನಿಂತಿದ್ದರು. ಅಣ್ಣ ಅದನ್ನು ಇಳಿಸಲಿಲ್ಲ.